ಎರಡು ಮರಿಯ ಕುರಿ ಕೊಂಡಿರಿ, ಅದರ ರಕ್ತ ನೋಡಿದಿರಾ?

ಶಿರಾ ಕಡೆಯ ಪರಿಚಯದ ಕುರಿಗಾರರೊಬ್ಬರ ದೊಡ್ಡಿಯಲ್ಲಿ ಒಂದು ಕುರಿ, ಈಯಲು ಇನ್ನೂ ಹತ್ತು ಹನ್ನೆರಡು ದಿನ ಇರುವಾಗ, ಮಂದೆ ಬಿಟ್ಟು ಒಂದು ಮೂಲೆಯಲ್ಲಿ ನಿಂತುಕೊಂಡಿತು. ಹಿಂಡಿ ಇಟ್ಟರೆ ಮೂಸಿ ನೋಡಿ ಬಿಟ್ಟಿತು. ಮಾರನೇ ದಿನ ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತಿ ನಿಂತಿತ್ತು. ಮೂರನೇ ದಿನ ಮಲಗಿದ್ದು ಮತ್ತೆ ಏಳಲಿಲ್ಲ. ಜ್ವರ ಇರಲಿಲ್ಲ, ಭೇದಿ ಇರಲಿಲ್ಲ, ಹೊಟ್ಟೆ ಉಬ್ಬರವೂ ಇರಲಿಲ್ಲ. ಯಾರೋ ದೃಷ್ಟಿ ತಾಗಿದೆ ಅಂದರು, ಇನ್ಯಾರೋ ವಿಷದ ಸೊಪ್ಪು ತಿಂದಿರಬೇಕು ಅಂದರು, ಎರಡು ಆ್ಯಂಟಿಬಯಾಟಿಕ್ ಇಂಜೆಕ್ಷನ್ನೂ ಆಯಿತು. ಸತ್ತ ಮೇಲೆ ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಚೆನ್ನಾಗಿ ಬೆಳೆದ ಎರಡು ಮರಿ. ಲಿವರ್ ಹಳದಿಗೆ ತಿರುಗಿತ್ತು, ಹಿಡಿದರೆ ಕೈಯಲ್ಲೇ ಪುಡಿಯಾಗುತ್ತಿತ್ತು.

ಆ ಕುರಿಗೆ ಯಾವ ಸೋಂಕೂ ಇರಲಿಲ್ಲ. ಅದರ ರಕ್ತದಲ್ಲಿ ಸಕ್ಕರೆ ಮುಗಿದಿತ್ತು, ಅಷ್ಟೇ. ಮೊದಲ ದಿನವೇ ಒಂದು ಹನಿ ರಕ್ತ ನೋಡಿದ್ದರೆ ಗೊತ್ತಾಗುತ್ತಿತ್ತು. ಇನ್ನೂ ಮೂರು ವಾರ ಮೊದಲು ನೋಡಿದ್ದರೆ ಮೇವು ಬದಲಿಸಿಯೇ ಉಳಿಸಿಕೊಳ್ಳಬಹುದಿತ್ತು. ಈ ಲೇಖನ ಆ ಮೂರು ವಾರದ ಬಗ್ಗೆ.

ಈಗ ಯಾಕೆ ಈ ಮಾತು ಅಂದರೆ, ನಮ್ಮಲ್ಲಿ ಕುರಿ ಸಾಕಣೆಯ ರೀತಿಯೇ ಬದಲಾಗುತ್ತಿದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ಇವುಗಳಲ್ಲಿ ಬಹುಪಾಲು ಬಳ್ಳಾರಿ, ಡೆಕ್ಕನಿ, ಹಾಸನ, ಕೆಂಗುರಿ, ಬನ್ನೂರು ತಳಿಗಳು. ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವಂಥವು. ಆದರೆ ಶೆಡ್ ಕಟ್ಟಿ, ಮೇವು ಕೊಂಡು ತಂದು, ಆಳಿಗೆ ಸಂಬಳ ಕೊಟ್ಟು ಕುರಿ ಸಾಕುವವರಿಗೆ ಒಂದು ಮರಿಯ ಲೆಕ್ಕ ಕೈಹಿಡಿಯುವುದಿಲ್ಲ. ಹಾಗಾಗಿ ಎರಡು ಮರಿ ಹಾಕುವ ನಾರಿ ಸುವರ್ಣಕ್ಕೆ ಬೇಡಿಕೆ ಜಾಸ್ತಿ ಆಗಿದೆ.

ನಾರಿ ಸುವರ್ಣ ಅಂದರೆ ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬೆಳೆಸಿದ ತಳಿ. ಬಂಗಾಳದ ಸುಂದರಬನದ ಗಾರೋಲ್ ಅನ್ನೋ ಪುಟ್ಟ ಕುರಿಯಲ್ಲಿರುವ ಫೆಕ್‌ಬಿ ಎಂಬ ಜೀನನ್ನು ಡೆಕ್ಕನಿ ಕುರಿಗೆ ತಂದು ಇದನ್ನು ಮಾಡಿದರು. ಈ ಜೀನಿನ ಕಥೆಯೂ ಚೆನ್ನಾಗಿದೆ. 1792-93ರಲ್ಲಿ ಬಂಗಾಳದಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳ ಮೂಲಕ ಅದು ಅಲ್ಲಿನ ಬೂರೂಲಾ ಮೆರಿನೋ ಎಂಬ ತಳಿಯ ಕುರಿಗಳಿಗೆ ಸೇರಿರಬೇಕು ಅನ್ನುತ್ತಾರೆ. ಜೀನಿನಲ್ಲಿ ಆಗಿರುವ ಬದಲಾವಣೆ ನಿಖರವಾಗಿ ಯಾವುದು ಅಂತ ಪತ್ತೆಯಾಗಿದ್ದು 2001ರಲ್ಲಿ. ಅದು ಮಾಡುವುದು ಒಂದೇ ಕೆಲಸ, ಅಂಡಾಶಯದಿಂದ ಒಂದರ ಬದಲು ಎರಡು ಅಥವಾ ಹೆಚ್ಚು ಅಂಡ ಬಿಡುಗಡೆ ಆಗುವಂತೆ ನೋಡಿಕೊಳ್ಳುತ್ತದೆ. ಎರಡು ಮರಿಗೆ ಬೇಕಾದ ಆಹಾರ ಎಲ್ಲಿಂದ ಬರುತ್ತದೆ ಅನ್ನುವುದು ಜೀನಿಗೆ ಗೊತ್ತಿಲ್ಲ. ಅದನ್ನು ನೋಡಬೇಕಾದವರು ನಾವು, ಅಲ್ವಾ? ಟಗರಿಗೆ ಸಾವಿರಾರು ರೂಪಾಯಿ ಸುರಿಯುವವರು, ಗಬ್ಬದ ಕುರಿಯ ಕೊನೆಯ ಆರು ವಾರದ ಮೇವಿಗೆ ಕೈ ಬಿಗಿ ಹಿಡಿಯುತ್ತಾರೆ. ನನಗೆ ತುಂಬ ಬೇಜಾರಾಗುವುದು ಇಲ್ಲೇ.

ಸರಿ, ರಕ್ತಕ್ಕೆ ಬರೋಣ. ಕುರಿಯ ರಕ್ತದ ಸಕ್ಕರೆ ಮನುಷ್ಯನದಕ್ಕಿಂತ ಕಡಿಮೆಯೇ ಇರುತ್ತದೆ. 100 ಮಿಲಿಲೀಟರ್ ರಕ್ತಕ್ಕೆ ಸುಮಾರು 50ರಿಂದ 80 ಮಿಲಿಗ್ರಾಂ. ಯಾಕೆ ಕಡಿಮೆ ಅಂದರೆ, ಕುರಿ ತಿಂದ ಪಿಷ್ಟ, ಸಕ್ಕರೆ, ನಾರು ಯಾವುದೂ ನಮ್ಮಲ್ಲಿ ಆಗುವ ಹಾಗೆ ನೇರವಾಗಿ ಗ್ಲೂಕೋಸ್ ಆಗಿ ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ. ಹೋದರೂ ತೀರ ಸ್ವಲ್ಪ. ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನೆಲ್ಲ ಹುಳಿ ಬರಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಬಗೆಯ ಆಮ್ಲ ಮಾಡುತ್ತವೆ. ಇವುಗಳಲ್ಲಿ ಮುಖ್ಯವಾಗಿ ಪ್ರೊಪಿಯೊನೇಟ್ ಮಾತ್ರ ಲಿವರ್‌ಗೆ ಹೋಗಿ ಗ್ಲೂಕೋಸ್ ಆಗುತ್ತದೆ. ಕಾಳು, ನುಚ್ಚು, ಮೆಕ್ಕೆಜೋಳ ತಿಂದರೆ ಪ್ರೊಪಿಯೊನೇಟ್ ಜಾಸ್ತಿ. ಬರೀ ಒಣಹುಲ್ಲು ತಿಂದರೆ ಅಸಿಟೇಟ್ ಜಾಸ್ತಿ. ಕುರಿ ಪ್ರತಿ ದಿನ ತನ್ನ ಸಕ್ಕರೆಯನ್ನು ಲಿವರ್‌ನಲ್ಲಿ ತಾನೇ ತಯಾರಿಸಿಕೊಳ್ಳಬೇಕು. ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಸುಸ್ತಾದ ಕುರಿಗೆ ಬೆಲ್ಲದ ನೀರು ಕುಡಿಸುವ ಪದ್ಧತಿ ನಮ್ಮಲ್ಲಿದೆ. ಪ್ರೀತಿಯಿಂದ ಮಾಡುವ ಕೆಲಸ, ತಪ್ಪು ಅನ್ನಲಾರೆ. ಆದರೆ ಆ ಬೆಲ್ಲವೂ ಮೊದಲ ಹೊಟ್ಟೆಯಲ್ಲೇ ಹುಳಿ ಬಂದುಬಿಡುತ್ತದೆ. ನಾವು ಅಂದುಕೊಂಡ ಹಾಗೆ ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಅದಕ್ಕೇ ಡಾಕ್ಟರ್‌ಗಳು ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಕೊಡುತ್ತಾರೆ, ಅದನ್ನು ಲಿವರ್ ಗ್ಲೂಕೋಸ್ ಮಾಡಿಕೊಳ್ಳಬಲ್ಲದು. ತುರ್ತು ಇದ್ದರೆ ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೇ ಹಾಕುತ್ತಾರೆ.

ಇನ್ನು ಗಬ್ಬ. ಕುರಿ ಈಯಲು ಸುಮಾರು 147ರಿಂದ 150 ದಿನ. ಮೊದಲ ಮೂರು ತಿಂಗಳಲ್ಲಿ ಮರಿ ಅಷ್ಟೇನೂ ದಪ್ಪ ಆಗುವುದಿಲ್ಲ. ಹುಟ್ಟುವಾಗ ಇರುವ ತೂಕದ ಸುಮಾರು ಶೇ. 70ರಷ್ಟು ಬರುವುದು ಕೊನೆಯ ಆರು ವಾರದಲ್ಲಿ. ಆಗ ಮರಿಗಳು ಮತ್ತು ಮಾಸು ಸೇರಿ ತಾಯಿ ತಯಾರಿಸಿದ ಗ್ಲೂಕೋಸ್‌ನ ಮೂರನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಎಳೆದುಕೊಳ್ಳುತ್ತವೆ. ತಾಯಿಗೆ ಸಾಲದಿದ್ದರೂ ಆ ಎಳೆತ ನಿಲ್ಲುವುದಿಲ್ಲ. ಅವಳಿ ಇದ್ದರೆ ತಾಯಿಗೆ ಬೇಕಾಗುವ ಶಕ್ತಿ, ಗಬ್ಬ ಇಲ್ಲದ ಕುರಿಯದರ ಹೆಚ್ಚುಕಡಿಮೆ ಎರಡು ಪಟ್ಟು. ಅದೇ ಹೊತ್ತಿಗೆ ಗರ್ಭಕೋಶ ಹಿಗ್ಗಿ ಮೊದಲ ಹೊಟ್ಟೆಯನ್ನು ಒತ್ತುತ್ತದೆ. ಅಂದರೆ ತಿನ್ನುವ ಅವಶ್ಯಕತೆ ಏರುತ್ತದೆ, ತಿನ್ನುವ ಜಾಗ ಇಳಿಯುತ್ತದೆ. ಇಂಥ ಕುರಿಯ ಮುಂದೆ ರಾಗಿ ಹುಲ್ಲಿನ ರಾಶಿ ಹಾಕಿ "ಬೇಕಾದಷ್ಟು ಹಾಕಿದ್ದೀನಿ, ತಿಂತಾ ಇಲ್ಲ" ಅಂದರೆ ಏನು ಪ್ರಯೋಜನ? ಅದಕ್ಕೆ ಬೇಕಿರುವುದು ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಕೊಡುವ ಮೇವು.

ಸಿಗದಿದ್ದರೆ ಕುರಿ ತನ್ನ ಮೈಯ ಕೊಬ್ಬನ್ನು ಕರಗಿಸುತ್ತದೆ. ಕೊಬ್ಬು ಲಿವರ್‌ಗೆ ಬಂದು ಬೀಳುತ್ತದೆ. ಅದನ್ನು ಪೂರ್ತಿ ಉರಿಸಲು ಬೇಕಾದ ಸರಕು ಗ್ಲೂಕೋಸ್ ತಯಾರಿಗೇ ಖರ್ಚಾಗಿರುತ್ತದೆ. ಹಾಗಾಗಿ ಅರ್ಧಂಬರ್ಧ ಉರಿದು ಕೀಟೋನ್‌ಗಳಾಗುತ್ತವೆ, ಉಳಿದ ಕೊಬ್ಬು ಲಿವರ್‌ನಲ್ಲೇ ತುಂಬಿಕೊಳ್ಳುತ್ತದೆ. ಮೇಲೆ ಹೇಳಿದ ಹಳದಿ ಲಿವರ್ ಇದೇ. ಮೆದುಳಿಗೆ ಸಕ್ಕರೆ ಸಾಲದೆ ಕುರಿ ಮಂಕಾಗುತ್ತದೆ, ಕಣ್ಣು ಕಾಣದ ಹಾಗೆ ಆಡುತ್ತದೆ. ಡಾಕ್ಟರ್‌ಗಳು ಇದಕ್ಕೆ ಪ್ರೆಗ್ನೆನ್ಸಿ ಟಾಕ್ಸೀಮಿಯಾ ಅನ್ನುತ್ತಾರೆ. ಇದು ಬಡಕಲು ಕುರಿಗೂ ಬರುತ್ತದೆ, ತುಂಬ ಕೊಬ್ಬಿದ ಕುರಿಗೂ ಬರುತ್ತದೆ. ಕೊಬ್ಬಿದ್ದು ಕೊನೆಯಲ್ಲಿ ಇನ್ನೂ ಕಡಿಮೆ ತಿನ್ನುತ್ತದೆ, ಕರಗಿಸಲು ಕೊಬ್ಬೂ ಬೇಕಾದಷ್ಟು ಇರುತ್ತದೆ.

ರಕ್ತದಲ್ಲಿ ನೋಡಬೇಕಾದ ಮುಖ್ಯ ಕೀಟೋನ್ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಹೆಸರು ಉದ್ದ, ಬಿಎಚ್‌ಬಿ ಅನ್ನೋಣ. ಕೊನೆಯ ಆರು ವಾರದ ಕುರಿಯಲ್ಲಿ ಇದು ಲೀಟರಿಗೆ 0.8 ಮಿಲಿಮೋಲ್ ಒಳಗಿದ್ದರೆ ಮೇವು ಸಾಕಾಗುತ್ತಿದೆ ಅಂತ ಅರ್ಥ. ಅದನ್ನು ದಾಟಿದರೆ ಸಾಲುತ್ತಿಲ್ಲ. 1.1 ದಾಟಿದರೆ ಕೊರತೆ ಜೋರಾಗಿದೆ, ಅದೇ ವಾರ ಮೇವು ಸರಿಮಾಡಬೇಕು. 3 ದಾಟಿ ಕುರಿಯೂ ಮಂಕಾಗಿದ್ದರೆ ಕಾಯಿಲೆ ಬಂದಾಗಿದೆ ಅಂತಲೇ. ಒಳ್ಳೆಯ ಸುದ್ದಿ ಏನು ಅಂದರೆ, ಸಕ್ಕರೆ ಕಾಯಿಲೆಯವರು ಕೀಟೋನ್ ನೋಡಿಕೊಳ್ಳಲು ಬಳಸುವ, ಅಂಗೈಯಲ್ಲಿ ಹಿಡಿಯುವ ಸ್ಟ್ರಿಪ್ ಮೀಟರ್ ಕುರಿಯ ಬಿಎಚ್‌ಬಿ ನೋಡಲೂ ಆಗುತ್ತದೆ. ದೊಡ್ಡಿಯಲ್ಲೇ, ಒಂದು ಹನಿಯಲ್ಲಿ, ಕೆಲವೇ ಸೆಕೆಂಡಿನಲ್ಲಿ.

ಹಾಗಾದರೆ ನೇರವಾಗಿ ಗ್ಲೂಕೋಸನ್ನೇ ನೋಡಿದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಅದು ನಮ್ಮನ್ನು ದಾರಿ ತಪ್ಪಿಸುವುದು ಜಾಸ್ತಿ. ಕುರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಹೆದರಿಕೆಗೇ ಸಕ್ಕರೆ ಏರುತ್ತದೆ. ಕೊಳವೆಗೆ ಹಿಡಿದ ರಕ್ತವನ್ನು ಹಾಗೇ ಇಟ್ಟರೆ ಅದರಲ್ಲಿರುವ ಕೆಂಪು ಕಣಗಳೇ ಸಕ್ಕರೆಯನ್ನು ತಿಂದು ಮುಗಿಸುತ್ತವೆ. ಬೆಳಿಗ್ಗೆ ಚಳ್ಳಕೆರೆಯಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಬಂದು ಸಂಜೆ ಬೆಂಗಳೂರಿನ ಲ್ಯಾಬ್ ತಲುಪುವ ಹೊತ್ತಿಗೆ ಅದರ ಗ್ಲೂಕೋಸ್ ಅಂಕಿಗೆ ಬೆಲೆಯೇ ಇಲ್ಲ, ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಯಲ್ಲಿ ಹಿಡಿದಿದ್ದರೆ ಮಾತ್ರ ಪರವಾಗಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಮಲಗಿದ ಕುರಿಯ ಸಕ್ಕರೆ ಕಡಿಮೆ ಇರುವ ಬದಲು ತುಂಬ ಏರಿದ್ದರೆ ಖುಷಿ ಪಡಬೇಡಿ, ಹೊಟ್ಟೆಯಲ್ಲಿ ಮರಿಗಳು ಸತ್ತಿರಬಹುದು. ಎಳೆದುಕೊಳ್ಳುವವರೇ ಇಲ್ಲವಾದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಬಿಎಚ್‌ಬಿ ಇಷ್ಟು ಚಂಚಲ ಅಲ್ಲ. ಹಿಂಡಿ ತಿಂದ ಒಡನೆ ಸ್ವಲ್ಪ ಏರುತ್ತದೆ, ಆಗ ರಕ್ತ ತೆಗೆಯಬಾರದು, ಪ್ರತಿ ಸಲ ಒಂದೇ ಹೊತ್ತಿನಲ್ಲಿ ತೆಗೆಯಬೇಕು, ಅಷ್ಟೇ.

ರಕ್ತ ನೋಡಿ ಮೇವು ಅಳೆಯುವ ಯೋಚನೆ ಹೊಸದಲ್ಲ. 1970ರಲ್ಲಿ ಇಂಗ್ಲೆಂಡಿನ ಕಾಂಪ್ಟನ್‌ನಲ್ಲಿ ಜ್ಯಾಕ್ ಪೇನ್ ಮತ್ತು ಜೊತೆಯವರು ಹಾಲಿನ ಹಸುಗಳಿಗಾಗಿ ಇದನ್ನು ಶುರು ಮಾಡಿದರು. ಅವರ ತಿಳಿವಳಿಕೆ ಸರಳ: ಒಂದು ಹಸುವಿನ ರಕ್ತ ಆ ಹಸುವಿನ ಕಥೆ ಹೇಳುತ್ತದೆ, ಒಂದಷ್ಟು ಹಸುಗಳ ರಕ್ತ ಆ ಕೊಟ್ಟಿಗೆಯ ಕಥೆ ಹೇಳುತ್ತದೆ. ನಮ್ಮಲ್ಲಿ ಈಗಲೂ ಕುರಿ ಮಲಗಿದ ಮೇಲೆ ಆ ಒಂದು ಕುರಿಯ ರಕ್ತ ಕಳಿಸುತ್ತೇವೆ, ಅಥವಾ ಸತ್ತ ಮೇಲೆ ಪೋಸ್ಟ್‌ಮಾರ್ಟಮ್ ಮಾಡಿಸುತ್ತೇವೆ. ನಿಂತಿರುವ, ತಿನ್ನುತ್ತಿರುವ, ಚೆನ್ನಾಗಿಯೇ ಕಾಣುವ ಗಬ್ಬದ ಕುರಿಗಳಲ್ಲಿ ಒಂದಷ್ಟನ್ನು ಆರಿಸಿ ನೋಡುವುದೇ ಇಲ್ಲ. ಕಾಯಿಲೆ ಕಾಣಿಸಿಕೊಂಡ ಒಂದು ಕುರಿಯ ಹಿಂದೆ, ಅರ್ಧ ಹಸಿವಿನಲ್ಲೇ ಎಳೆಯುತ್ತಿರುವ ಹತ್ತು ಕುರಿ ಇರುತ್ತವೆ. ಅವು ಸಾಯುವುದಿಲ್ಲ. ಆದರೆ ಸಣ್ಣ ಮರಿ ಹಾಕುತ್ತವೆ, ಗಿಣ್ಣುಹಾಲು ಸಾಲುವುದಿಲ್ಲ, ಮರಿ ಎರಡು ಮೂರು ದಿನದಲ್ಲಿ ಚಳಿಗೆ ಹೋಗುತ್ತದೆ. ಆ ನಷ್ಟವನ್ನು ನಾವು "ಮರಿ ಉಳಿಯಲಿಲ್ಲ" ಅಂತ ಬರೆದುಕೊಳ್ಳುತ್ತೇವೆಯೇ ಹೊರತು ತಾಯಿಗೆ ಮೇವು ಸಾಲಲಿಲ್ಲ ಅಂತ ಬರೆಯುವುದಿಲ್ಲ.

ಇದೇ ರಕ್ತದಲ್ಲಿ ಯೂರಿಯಾ ಮತ್ತು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಎರಡನ್ನೂ ನೋಡಿಸಿ. ಯೂರಿಯಾ ಇವತ್ತು ನಿನ್ನೆಯ ಮೇವಿನ ಲೆಕ್ಕ, ಅಲ್ಬುಮಿನ್ ಕಳೆದ ಕೆಲವು ವಾರಗಳ ಲೆಕ್ಕ. ಯೂರಿಯಾ ತೀರ ಕಡಿಮೆ ಇದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಪ್ರೋಟೀನ್ ಸಾಲುತ್ತಿಲ್ಲ, ಹುಲ್ಲು ಸರಿಯಾಗಿ ಜೀರ್ಣ ಆಗುತ್ತಿಲ್ಲ. ಬೇಸಿಗೆಯಲ್ಲಿ ಬರೀ ಜೋಳದ ಸೊಪ್ಪೆ ತಿನ್ನುವ ಕುರಿಗಳಲ್ಲಿ ಹೀಗಾಗುತ್ತದೆ. ಅತಿಯಾಗಿದ್ದರೂ ತೊಂದರೆಯೇ. ಶೇಂಗಾ ಹಿಂಡಿಯೇ ಶ್ರೇಷ್ಠ ಅಂತ ಬರೀ ಅದನ್ನೇ ಸುರಿದು, ಜೊತೆಗೆ ಕಾಳಿನ ಶಕ್ತಿ ಕೊಡದಿದ್ದರೆ ಆ ಪ್ರೋಟೀನ್ ಅಮೋನಿಯಾ ಆಗಿ, ಲಿವರ್‌ನಲ್ಲಿ ಯೂರಿಯಾ ಆಗಿ, ಮೂತ್ರದಲ್ಲಿ ಹೋಗುತ್ತದೆ. ದುಡ್ಡೂ ಹೋಯಿತು, ಅದನ್ನು ಹೊರಹಾಕಲು ಕುರಿಯ ಶಕ್ತಿಯೂ ಖರ್ಚಾಯಿತು. ಟಗರು ಬಿಡುವ ದಿನಗಳಲ್ಲಿ ಹೀಗಾದರೆ ಎಳೆ ಭ್ರೂಣ ನಿಲ್ಲುವುದಕ್ಕೂ ಅಡ್ಡಿ ಆಗಬಹುದು.

ಅಲ್ಬುಮಿನ್ ಕಡಿಮೆ ಅಂತ ಬಂದರೆ ಒಡನೆ ಹಿಂಡಿ ಹೆಚ್ಚಿಸಬೇಡಿ. ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜಂತುಹುಳು ಇರಬೇಕು. ಕೆರೆ ಅಂಗಳದಲ್ಲಿ, ಗದ್ದೆ ಬಯಲಲ್ಲಿ ಮೇಯ್ದ ಮಂದೆಯಾದರೆ ಲಿವರ್‌ನ ಚಪ್ಪಟೆ ಹುಳು ಇರಬಹುದು. ರೆಪ್ಪೆಯ ಬಣ್ಣ ಹೋಲಿಸಿ ನೋಡಲು ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಫಮಾಚಾ ಅನ್ನೋ ಬಣ್ಣದ ಕಾರ್ಡೇ ಇದೆ. ಹುಳು ಇಟ್ಟುಕೊಂಡು ಹಿಂಡಿ ಹಾಕಿದರೆ ಹುಳುವನ್ನು ಸಾಕಿದ ಹಾಗಾಯಿತು.

ಕ್ಯಾಲ್ಸಿಯಂ ಬಗ್ಗೆ ಒಂದು ಮಾತು ಹೇಳಲೇಬೇಕು. ಹಸುವಿಗೆ ಕ್ಯಾಲ್ಸಿಯಂ ಇಳಿಯುವುದು ಹೆಚ್ಚಾಗಿ ಕರು ಹಾಕಿದ ಮೇಲೆ, ಕುರಿಗೆ ಹೆಚ್ಚಾಗಿ ಈಯುವ ಮೊದಲೇ. ದೂರ ನಡೆಸಿದರೆ, ಲಾರಿಯಲ್ಲಿ ಸಾಗಿಸಿದರೆ, ಒಂದು ದಿನ ಮೇವು ತಪ್ಪಿದರೆ ದಿಢೀರನೆ ಕುಸಿಯುತ್ತದೆ. ನೋಡಲು ಟಾಕ್ಸೀಮಿಯಾ ಥರವೇ, ಕುರಿ ಮಲಗಿಬಿಡುತ್ತದೆ. ವ್ಯತ್ಯಾಸ ಏನು ಅಂದರೆ ಡಾಕ್ಟರ್ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ. ಏಳದಿದ್ದರೆ ಅನುಮಾನ ಟಾಕ್ಸೀಮಿಯಾ ಕಡೆಗೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ತಾಮ್ರದ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ತಾಮ್ರ ಕಡಿಮೆಯಾದರೆ ಹಿಂಗಾಲು ಎಳೆಯುವ ಮರಿ ಹುಟ್ಟಬಹುದು, ನಿಜ. ಆದರೆ ಕುರಿಗೆ ಹೆಚ್ಚಾದ ತಾಮ್ರವನ್ನು ಹೊರಹಾಕುವ ಶಕ್ತಿ ತುಂಬ ಕಡಿಮೆ. ಹಸುವಿಗಂತ ಮಾಡಿದ ಖನಿಜ ಮಿಶ್ರಣವನ್ನು ತಿಂಗಳುಗಟ್ಟಲೆ ಹಾಕುತ್ತಾ ಹೋದರೆ ಅದು ಲಿವರ್‌ನಲ್ಲಿ ಕೂಡಿ, ಒಂದು ದಿನ ಒಟ್ಟಿಗೆ ರಕ್ತಕ್ಕೆ ಬಿದ್ದು, ಕೆಂಪು ಕಣಗಳು ಒಡೆದು, ಮೂತ್ರ ಕೆಂಪಾಗಿ ಕುರಿ ಸಾಯುತ್ತದೆ. ಅಲ್ಲಿಯವರೆಗೆ ರಕ್ತದ ತಾಮ್ರ ಸರಿಯಾಗಿಯೇ ಕಾಣುತ್ತಿರುತ್ತದೆ. ರಕ್ತ ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಕುರಿಗೆ ಅಂತಲೇ ಮಾಡಿದ ಮಿಶ್ರಣ ತನ್ನಿ.

ಈಗ ಗಬ್ಬಕ್ಕಿಂತ ಹಿಂದೆ ಹೋಗೋಣ. ಟಗರು ಬಿಡುವ ಎರಡು ಮೂರು ವಾರ ಮೊದಲು ದಿನಕ್ಕೆ 200ರಿಂದ 300 ಗ್ರಾಂ ಕಾಳು ಕೊಟ್ಟರೆ ಅಂಡ ಬಿಡುಗಡೆ ಹೆಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇದರ ಹಿಂದೆಯೂ ರಕ್ತವೇ ಇದೆ. ಗ್ಲೂಕೋಸ್ ಮತ್ತು ಇನ್ಸುಲಿನ್ ಸ್ವಲ್ಪ ಏರಿದರೆ ಅಂಡಾಶಯಕ್ಕೆ ಅದು ಸುಭಿಕ್ಷದ ಸುದ್ದಿ. ಕುರಿಯ ಬೆದೆಯ ಚಕ್ರ ಸುಮಾರು 17 ದಿನ. ಆಸ್ಟ್ರೇಲಿಯಾದಲ್ಲಿ ಲುಪಿನ್ ಕಾಳನ್ನು ಬೆದೆಗೆ ಮುಂಚಿನ ನಾಲ್ಕೈದು ದಿನ ಕೊಟ್ಟರೂ ಅಂಡದ ಸಂಖ್ಯೆ ಹೆಚ್ಚಿದ್ದನ್ನು ಕಂಡಿದ್ದಾರೆ, ಮೈತೂಕ ಏರುವ ಮೊದಲೇ. ಆದರೆ ಈಗಾಗಲೇ ಮೈತುಂಬಿದ ಕುರಿಗೆ ಇದರಿಂದ ಏನೂ ಆಗುವುದಿಲ್ಲ. ಟಗರು ಹಾರಿದ ಮೇಲೂ ಸುಮ್ನೆ ಖುಷಿಗೆ ತುಂಬ ತಿನ್ನಿಸಿದರೆ ಉಲ್ಟಾ ಹೊಡೆಯುತ್ತದೆ. ಮೇವು ಅತಿಯಾದಾಗ ಲಿವರ್‌ಗೆ ರಕ್ತ ಹೆಚ್ಚು ಹರಿದು, ಗಬ್ಬ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಬೇಗ ಬೇಗ ಒಡೆದುಹೋಗುತ್ತದೆ. ಹಾಗಾಗಿ ಟಗರು ಬಿಡುವ ಮೊದಲು ಏರಿಸಿ, ಆಮೇಲೆ ಒಂದು ತಿಂಗಳು ಮಾಮೂಲಿಗೆ ತಂದು ಸಮವಾಗಿ ಇಡಿ, ಕೊನೆಯ ಆರು ವಾರ ಮತ್ತೆ ಏರಿಸಿ. ಇದೇ ಕ್ರಮ.

ನಮ್ಮ ಹಳೆಯ ಕುರಿಗಾರರು ಇದನ್ನು ಅಂಕಿಯಿಲ್ಲದೆ ಮಾಡುತ್ತಿದ್ದರು ಅನ್ನುವುದನ್ನು ನೆನೆಯಬೇಕು. ಯುರೋಪಿನ ಕುರಿಗಳಿಗೆ ಹಗಲು ಕಿರಿದಾಗುವುದೇ ಬೆದೆಯ ಸೂಚನೆ. ನಮ್ಮ ಕುರಿಗಳಿಗೆ ಹಗಲಿಗಿಂತ ಮಳೆ ಮುಖ್ಯ. ಮುಂಗಾರು ಬಿದ್ದು ಚಿಗುರು ಬಂದಾಗ ಬೆದೆಗೆ ಬರುತ್ತವೆ. ಜುಲೈ ಮೊದಲ ವಾರ ಕಟ್ಟಿದ ಗಬ್ಬ ನವೆಂಬರ್ ಕೊನೆಗೆ ಈಯುತ್ತದೆ. ಅಂದರೆ ಕೊನೆಯ ಆರು ವಾರ ಅಕ್ಟೋಬರ್ ಮಧ್ಯದಿಂದ, ಶೇಂಗಾ ಕಿತ್ತ ಹೊಲ, ಹುರುಳಿ, ಹಿಂಗಾರಿನ ಹಸಿರು ಇರುವ ಕಾಲ. ಶೆಡ್ಡಿನಲ್ಲಿ ಟಗರು ವರ್ಷವಿಡೀ ಹೆಣ್ಣುಗಳ ಜೊತೆಯೇ ಇರುತ್ತದೆ. ಡಿಸೆಂಬರ್‌ನಲ್ಲಿ ಗಬ್ಬ ಕಟ್ಟಿದ್ದು ಮೇ ತಿಂಗಳಲ್ಲಿ ಈಯುತ್ತದೆ, ಕೊನೆಯ ಆರು ವಾರ ಏಪ್ರಿಲ್ ಬಿಸಿಲು ಮತ್ತು ಒಣ ಸೊಪ್ಪೆ. ಅವಳಿ ಜೀನು, ಜೊತೆಗೆ ಏಪ್ರಿಲ್‌ನ ಒಣ ಮೇವು. ಇದು ಕುರಿಯನ್ನು ಕೊಲ್ಲುವ ಜೋಡಿ. ಟಗರನ್ನು ಬೇರೆ ಕಟ್ಟಿ, ಲೆಕ್ಕ ಹಾಕಿ ಬಿಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಶಿರಾದ ಆ ದೊಡ್ಡಿಯವರಿಗೆ ನಾನು ಹೇಳಿದ್ದು ಇಷ್ಟೇ. ಟಗರು ಬಿಟ್ಟ ತಾರೀಖು ಬರೆದಿಡಿ. ಎರಡು ಎರಡೂವರೆ ತಿಂಗಳಿಗೆ ಸ್ಕ್ಯಾನ್ ಮಾಡಿಸಿ, ಆಗ ಮರಿ ಎಷ್ಟು ಅಂತ ಎಣಿಸಬಹುದು. ಅವಳಿ ಇರುವವನ್ನು ಬೇರೆ ಅಂಕಣಕ್ಕೆ ಹಾಕಿ. ಈಯಲು ನಾಲ್ಕರಿಂದ ಆರು ವಾರ ಇರುವಾಗ ಅವುಗಳಲ್ಲಿ ಆರೇಳರ ಬಿಎಚ್‌ಬಿ ನೋಡಿ, ಮೇವು ಬದಲಿಸಿದ್ದರೆ ಹತ್ತು ದಿನ ಬಿಟ್ಟು ಅದೇ ಕುರಿಗಳಿಗೆ ಮತ್ತೆ ನೋಡಿ. ಕಾಳು ಮತ್ತು ಹಿಂಡಿಯ ಮಿಶ್ರಣವನ್ನು ದಿನಕ್ಕೆ 250ರಿಂದ 400 ಗ್ರಾಂವರೆಗೆ, ಎರಡು ಹೊತ್ತಿಗೆ ಹಂಚಿ, ಒಂದು ವಾರದಲ್ಲಿ ನಿಧಾನಕ್ಕೆ ಏರಿಸಿ. ಒಂದೇ ಸಲ ಸುರಿದರೆ ಹೊಟ್ಟೆ ಹುಳಿಯಾಗಿ ಬೇರೆ ಥರ ಸಾಯುತ್ತವೆ, ಮದುವೆ ಮನೆಯ ಅನ್ನ ತಿಂದ ಕುರಿ ಸಾಯುವ ಹಾಗೆ. ಮೀಟರ್ ಇಲ್ಲದ ದಿನ ಬೆನ್ನ ಮೇಲೆ ಕೈ ಇಡಿ, ಸೊಂಟದ ಮೂಳೆ ಚೂಪಾಗಿ ಚುಚ್ಚಿದರೆ ಅದೂ ಒಂದು ರಿಪೋರ್ಟೇ.

ಅವರು ಕೇಳಿಸಿಕೊಂಡು, "ಆರು ಕುರಿ ನೋಡಿದರೆ ಸಾಕಾ, ಎಲ್ಲಾ ನೋಡೋದು ಬೇಡ್ವಾ?" ಅಂದರು. ಆರು ಸಾಕು, ಆದರೆ ಚೆನ್ನಾಗಿರೋ ಆರನ್ನೇ ಆರಿಸಿ ಅಂದೆ. ಮಂಕಾದದ್ದು ತಾನೇ ಬಂದು ಹೇಳುತ್ತದೆ.